ಅಂಟಿದ ಅವಳಿ, ಅಡಗಿದ ಅವಳಿ: ವೈದ್ಯರ ಕಣ್ಣು ತೆರೆದ ಕಥೆ

ತುಮಕೂರು ರಸ್ತೆಯ ನಮ್ಮ ಮಾಕಳಿಯಿಂದ ಹೊಸೂರು ರಸ್ತೆಯ ಬೊಮ್ಮಸಂದ್ರಕ್ಕೆ ಹೋಗಬೇಕಾದರೆ ಬೆಂಗಳೂರನ್ನು ಈ ತುದಿಯಿಂದ ಆ ತುದಿಗೆ ದಾಟಬೇಕು. ಈಗ ಮಾದಾವರದಲ್ಲಿ ಮೆಟ್ರೋ ಹತ್ತಿ, ಆರ್.ವಿ. ರಸ್ತೆಯಲ್ಲಿ ಹಳದಿ ಮಾರ್ಗಕ್ಕೆ ಬದಲಾಯಿಸಿದರೆ ನೇರವಾಗಿ ಬೊಮ್ಮಸಂದ್ರದಲ್ಲಿ ಇಳಿಯಬಹುದು. 2007ರಲ್ಲಿ ಇದಾವುದೂ ಇರಲಿಲ್ಲ. ಆ ವರ್ಷದ ನವೆಂಬರ್ ತಿಂಗಳಲ್ಲಿ ಅದೇ ಬೊಮ್ಮಸಂದ್ರದ ಒಂದು ಆಸ್ಪತ್ರೆಯ ಮುಂದೆ ದೇಶವಿದೇಶಗಳ ಪತ್ರಕರ್ತರು ಬಂದು ನಿಂತಿದ್ದರು. ಒಳಗೆ ಎರಡು ವರ್ಷದ ಒಂದು ಹೆಣ್ಣು ಮಗುವಿಗೆ 27 ಗಂಟೆಗಳ ಶಸ್ತ್ರಚಿಕಿತ್ಸೆ ನಡೆಯುತ್ತಿತ್ತು. ಆ ಮಗುವಿಗೆ ನಾಲ್ಕು ಕೈ, ನಾಲ್ಕು ಕಾಲು.

ಆ 27 ಗಂಟೆಗಳ ಬಗ್ಗೆ ಪತ್ರಿಕೆಗಳಲ್ಲಿ ಬೇಕಾದಷ್ಟು ಬಂದಿದೆ. ಅದಕ್ಕೆ ಮುಂಚಿನ ಒಂದು ಪ್ರಶ್ನೆಯ ಬಗ್ಗೆ ಬರೆದವರು ಕಡಿಮೆ. ಚರ್ಮದ ಒಳಗೆ ಏನಿದೆ, ಯಾವ ನರ ಯಾರದು, ಯಾವ ಮೂತ್ರಪಿಂಡ ಯಾರದು ಎಂಬುದು ಕತ್ತಿ ಮುಟ್ಟಿಸುವ ಮೊದಲೇ ವೈದ್ಯರಿಗೆ ಗೊತ್ತಾಗುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕಿಕೊಳ್ಳಲು ಮನುಷ್ಯನಿಗೆ ಇನ್ನೂರು ವರ್ಷಗಳಿಗಿಂತ ಹೆಚ್ಚು ಕಾಲ ಬೇಕಾಯಿತು. ಆ ಇತಿಹಾಸವನ್ನು ನಮ್ಮ ವಿದ್ಯಾರ್ಥಿಗಳು ತಿಳಿದಿರಲಿ ಎಂಬುದು ನನ್ನ ಆಸೆ. ನಾನು ಭಾಷೆ ಕಲಿಸುವವನು, ವಿಜ್ಞಾನದವನಲ್ಲ. ಆದ್ದರಿಂದ ಸರಳವಾಗಿಯೇ ಹೇಳುತ್ತೇನೆ.

ಮೊದಲು ವಿಷಯವೇನೆಂದು ನೋಡೋಣ. ಕನ್ನಡದಲ್ಲಿ ಅವಳಿ ಎನ್ನುತ್ತೇವೆ, ನಮ್ಮ ಮನೆಮಾತಿನಲ್ಲಿ ಜುಡ್ವಾ. 'ಜುಡ್ನಾ' ಎಂದರೆ ಕೂಡಿಕೊಳ್ಳುವುದು. ಅವಳಿಗಳಲ್ಲಿ ಎರಡು ಬಗೆ. ಎರಡು ಬೇರೆ ಬೇರೆ ಅಂಡಗಳಿಂದ ಹುಟ್ಟಿದವರು ಒಂದು ಬಗೆ, ಅವರು ಸಾಮಾನ್ಯ ಅಣ್ಣತಮ್ಮ ಅಕ್ಕತಂಗಿಯರಂತೆಯೇ. ಒಂದೇ ಅಂಡ ಮೊದಲ ದಿನಗಳಲ್ಲಿ ಎರಡಾಗಿ ಒಡೆದು ಹುಟ್ಟಿದವರು ಇನ್ನೊಂದು ಬಗೆ. ಇವರು ಒಬ್ಬರಂತೆ ಒಬ್ಬರು. ಈ ಒಡೆಯುವಿಕೆ ಬೇಗ ಆದರೆ ಎರಡು ಪೂರ್ಣ ಮಕ್ಕಳು. ಸುಮಾರು 13 ದಿನಗಳ ನಂತರ ಆದರೆ ಅದು ಪೂರ್ತಿಯಾಗದೆ ಇಬ್ಬರೂ ಅಂಟಿಕೊಂಡೇ ಬೆಳೆಯುತ್ತಾರೆ ಎಂಬುದು ಬಹುಕಾಲದಿಂದ ಒಪ್ಪಿಕೊಂಡಿರುವ ವಿವರಣೆ. ಇನ್ನೂ ಅಪರೂಪದ ಎರಡು ರೂಪಗಳಿವೆ. ಅಂಟಿಕೊಂಡ ಇಬ್ಬರಲ್ಲಿ ಒಬ್ಬರ ಬೆಳವಣಿಗೆ ನಿಂತು, ತಲೆಯಿಲ್ಲದ ಅಥವಾ ಹೃದಯವಿಲ್ಲದ ಒಂದು ಅರ್ಧ ದೇಹ ಇನ್ನೊಬ್ಬರ ರಕ್ತದಿಂದಲೇ ಬದುಕುತ್ತದೆ. ಇದಕ್ಕೆ ಪರಾವಲಂಬಿ ಅವಳಿ ಎಂದು ಹೆಸರು. ಇನ್ನೊಂದರಲ್ಲಿ ಆ ಬೆಳೆಯದ ಅವಳಿ ಹೊರಗೆ ಕಾಣುವುದೇ ಇಲ್ಲ. ಮಗುವಿನ ಹೊಟ್ಟೆಯ ಒಳಗೇ ಒಂದು ಚೀಲದಲ್ಲಿ ಅಡಗಿರುತ್ತದೆ. ವೈದ್ಯರು ಇದನ್ನು 'ಭ್ರೂಣದೊಳಗಿನ ಭ್ರೂಣ' ಎನ್ನುತ್ತಾರೆ. ಸುಮಾರು 5 ಲಕ್ಷ ಹೆರಿಗೆಗಳಲ್ಲಿ ಒಂದು ಎಂಬುದು ಎಲ್ಲ ಪುಸ್ತಕಗಳಲ್ಲಿ ಬರುವ ಲೆಕ್ಕ.

ಇದು ತಾಯಿಯ ತಪ್ಪಿನಿಂದ ಆಗುವುದಲ್ಲ. ವಂಶದಲ್ಲಿ ಹರಿದು ಬರುವ ಕಾಯಿಲೆ ಎಂದೂ ತೋರಿಬಂದಿಲ್ಲ. ಇದನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಇದೇ ಮಾತಿಗೆ ಬರಬೇಕಾಗುತ್ತದೆ.

ಈಗ ಇತಿಹಾಸಕ್ಕೆ ಬರೋಣ. ಸುಮಾರು ಸಾವಿರ ವರ್ಷಗಳ ಹಿಂದೆ ಸ್ಪೇನಿನ ಕುರ್ತುಬಾ ನಗರದಲ್ಲಿ ಅಬುಲ್ ಖಾಸಿಮ್ ಅಲ್ ಜಹ್ರಾವಿ ಎಂಬ ಮಹಾನ್ ಶಸ್ತ್ರವೈದ್ಯನಿದ್ದ. ಅವನ 'ಅತ್ತಸ್ರೀಫ್' ಗ್ರಂಥ 30 ಭಾಗಗಳದ್ದು, ಕೊನೆಯ ಭಾಗ ಶಸ್ತ್ರಚಿಕಿತ್ಸೆಗೆ ಮೀಸಲು. ಅದರಲ್ಲಿ ಅವನು ತಾನೇ ಕಂಡ ಒಬ್ಬ ಹೆಂಗಸಿನ ವಿಷಯ ಬರೆದಿದ್ದಾನೆ. ಆಕೆಯ ಹೊಟ್ಟೆಯಲ್ಲೇ ಮಗು ಸತ್ತುಹೋಗಿತ್ತು. ಬಹಳ ಕಾಲದ ನಂತರ ಹೊಕ್ಕುಳಿನ ಬಳಿ ಬಾವು ಬಂದು ಕೀವು ಸುರಿಯತೊಡಗಿತು. ಎಷ್ಟು ಔಷಧಿ ಹಾಕಿದರೂ ಮಾಯಲಿಲ್ಲ. ಒಂದು ದಿನ ಆ ಗಾಯದಿಂದ ಒಂದು ಮೂಳೆ ಹೊರಬಂತು, ಮತ್ತೆ ಕೆಲವು ದಿನಕ್ಕೆ ಇನ್ನೊಂದು. ಹೊಟ್ಟೆಯಲ್ಲಿ ಮೂಳೆ ಇರುವ ಜಾಗವಲ್ಲವಲ್ಲ ಎಂದು ಯೋಚಿಸಿ, ಇವು ಸತ್ತ ಶಿಶುವಿನ ಮೂಳೆಗಳೇ ಎಂದು ಅವನು ತೀರ್ಮಾನಿಸಿದ. ಇದು ಅವಳಿಯ ಪ್ರಕರಣವಲ್ಲ, ಬೇರೆಯದೇ ತೊಂದರೆ. ಆದರೆ ಅವನ ತರ್ಕವನ್ನು ನೆನಪಿಡಿ: ಇರಬಾರದ ಜಾಗದಲ್ಲಿ ಮೂಳೆ. ಇಂದಿನ ಸ್ಕ್ಯಾನಿಂಗ್ ಕೋಣೆಯಲ್ಲಿ ವೈದ್ಯರು ಹುಡುಕುವುದೂ ಅದನ್ನೇ. ವ್ಯತ್ಯಾಸ ಏನೆಂದರೆ ಅಲ್ ಜಹ್ರಾವಿ ದೇಹ ತಾನಾಗಿ ಬಾಯಿ ತೆರೆಯುವವರೆಗೆ ಕಾಯಬೇಕಾಯಿತು.

ನಮ್ಮ ದೇಶದ ಅತ್ಯಂತ ಪ್ರಸಿದ್ಧವಾದ ಹಳೆಯ ಪ್ರಕರಣ ಬಂಗಾಳದ್ದು. 1783ರಲ್ಲಿ ಅಲ್ಲಿನ ಒಂದು ಹಳ್ಳಿಯ ಬಡ ಕುಟುಂಬದಲ್ಲಿ ಒಂದು ಗಂಡು ಮಗು ಹುಟ್ಟಿತು. ಅದರ ತಲೆಯ ಮೇಲೆ ಇನ್ನೊಂದು ತಲೆ ಬುಡಮೇಲಾಗಿ ಅಂಟಿಕೊಂಡಿತ್ತು. ಹೆದರಿದ ಸೂಲಗಿತ್ತಿ ಮಗುವನ್ನು ಬೆಂಕಿಗೆ ಎಸೆದಳು. ಸುಟ್ಟ ಗಾಯಗಳೊಂದಿಗೆ ಮಗು ಉಳಿಯಿತು. ತಂದೆತಾಯಿ ಅದನ್ನು ಕಲ್ಕತ್ತೆಗೆ ಕರೆತಂದು ಹಣಕ್ಕಾಗಿ ಜನರಿಗೆ ತೋರಿಸತೊಡಗಿದರು. ಪುಕ್ಕಟೆ ನೋಡಬಾರದೆಂದು ಉಳಿದ ಹೊತ್ತಿನಲ್ಲಿ ಬಟ್ಟೆ ಹೊದಿಸಿ ಮುಚ್ಚಿಡುತ್ತಿದ್ದರಂತೆ. ನಾಲ್ಕನೆಯ ವಯಸ್ಸಿನಲ್ಲಿ ಆ ಹುಡುಗ ಸತ್ತ, ಅದೂ ಈ ತೊಂದರೆಯಿಂದಲ್ಲ, ನಾಗರಹಾವು ಕಚ್ಚಿ! ಶವವನ್ನು ಕೊಳ್ಳಲು ಬಂದವರಿಗೆ ತಂದೆತಾಯಿ ಕೊಡಲಿಲ್ಲ, ಮಣ್ಣು ಮಾಡಿದರು. ಆದರೆ ಈಸ್ಟ್ ಇಂಡಿಯಾ ಕಂಪನಿಯ ಉಪ್ಪಿನ ಇಲಾಖೆಯ ಏಜೆಂಟನೊಬ್ಬ ಗೋರಿ ಅಗೆಸಿ ಶವವನ್ನು ಹೊರತೆಗೆದ. ತಲೆಬುರುಡೆ ಲಂಡನ್ ಸೇರಿತು. ಎವರಾರ್ಡ್ ಹೋಮ್ ಎಂಬ ಶಸ್ತ್ರವೈದ್ಯ 1790ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅದರ ವಿವರ ಪ್ರಕಟಿಸಿದ. ಆ ಬುರುಡೆ ಇಂದಿಗೂ ಲಂಡನ್ನಿನ ಹಂಟೇರಿಯನ್ ಸಂಗ್ರಹಾಲಯದಲ್ಲಿದೆ.

ಗಮನಿಸಿ. ಎರಡು ಮಿದುಳು ಬೇರೆಬೇರೆಯಾಗಿದ್ದವೇ ಎಂಬ ಒಂದು ಸಣ್ಣ ಸಂಗತಿ ತಿಳಿಯಲು ಮಗು ಸಾಯಬೇಕಾಯಿತು, ಗೋರಿ ದೋಚಬೇಕಾಯಿತು. ಇವತ್ತು ಎಂ.ಆರ್.ಐ. ಯಂತ್ರದಲ್ಲಿ ಒಂದು ಗಂಟೆ ಸಾಕು.

'ಸಯಾಮಿ ಅವಳಿ' ಎಂಬ ಮಾತು ನಿಮ್ಮಲ್ಲಿ ಹಲವರಿಗೆ ಗೊತ್ತಿರಬೇಕು. 1811ರಲ್ಲಿ ಸಯಾಮ್ ದೇಶದಲ್ಲಿ, ಅಂದರೆ ಈಗಿನ ಥಾಯ್ಲೆಂಡಿನಲ್ಲಿ ಹುಟ್ಟಿದ ಚಾಂಗ್ ಮತ್ತು ಎಂಗ್ ಎಂಬ ಸಹೋದರರಿಂದ ಬಂದ ಹೆಸರದು. ಎದೆಯ ಕೆಳಗೆ ಒಂದು ಮಾಂಸದ ಪಟ್ಟಿಯಿಂದ ಇಬ್ಬರೂ ಕೂಡಿಕೊಂಡಿದ್ದರು. ಅಮೆರಿಕದಲ್ಲಿ ನೆಲೆಸಿ, ಇಬ್ಬರೂ ಮದುವೆಯಾಗಿ, ಮಕ್ಕಳು ಮರಿಗಳೊಂದಿಗೆ 63 ವರ್ಷ ತುಂಬುವ ಹೊತ್ತಿನವರೆಗೆ ಬದುಕಿದರು. ಬೇರ್ಪಡಿಸಬಹುದೇ ಎಂದು ಅವರು ಅನೇಕ ವೈದ್ಯರನ್ನು ಕೇಳಿದ್ದುಂಟು. ಆ ಪಟ್ಟಿಯೊಳಗೆ ಏನಿದೆಯೋ ಯಾರಿಗೂ ಗೊತ್ತಿರಲಿಲ್ಲ, ಹಾಗಾಗಿ ಯಾರೂ ಧೈರ್ಯ ಮಾಡಲಿಲ್ಲ. 1874ರ ಜನವರಿಯಲ್ಲಿ ಒಂದೇ ರಾತ್ರಿ ಇಬ್ಬರೂ ತೀರಿಕೊಂಡ ಮೇಲೆ ಫಿಲಡೆಲ್ಫಿಯಾದಲ್ಲಿ ಶವಪರೀಕ್ಷೆ ನಡೆದು, ಇಬ್ಬರ ಯಕೃತ್ತೂ ಒಳಗೆ ಕೂಡಿಕೊಂಡಿತ್ತೆಂದು ತಿಳಿಯಿತು.

ಒಡಿಶಾದಲ್ಲಿ 1888ರ ಸುಮಾರಿಗೆ ಹುಟ್ಟಿದ ರಾಧಿಕಾ, ದೂಧಿಕಾ ಎಂಬ ಸೋದರಿಯರ ಕಥೆ ಇನ್ನೂ ನೋವಿನದು. ಸಣ್ಣ ವಯಸ್ಸಿನಲ್ಲೇ ಅವರನ್ನು ಯೂರೋಪ್ ಅಮೆರಿಕದ ಪ್ರದರ್ಶನಗಳಿಗೆ ಕೊಂಡೊಯ್ದರು. ಒಬ್ಬಳಿಗೆ ಕ್ಷಯ ತಗುಲಿತು. ಇನ್ನೊಬ್ಬಳನ್ನಾದರೂ ಉಳಿಸೋಣವೆಂದು 1902ರ ಫೆಬ್ರವರಿಯಲ್ಲಿ ಪ್ಯಾರಿಸಿನ ಡಾಕ್ಟರ್ ದೊಯೆನ್ ಇಬ್ಬರನ್ನೂ ಬೇರ್ಪಡಿಸಿದ. ಅದನ್ನು ಚಲನಚಿತ್ರವಾಗಿಯೂ ತೆಗೆಸಿದ. ಕ್ಷಯವಿದ್ದ ಹುಡುಗಿ ಕೆಲವೇ ದಿನಗಳಲ್ಲಿ ಸತ್ತಳು, ಇನ್ನೊಬ್ಬಳು ಮರುವರ್ಷ. ಹೊರಗಿನಿಂದ ಚಿತ್ರ ತೆಗೆಯುವ ಕ್ಯಾಮೆರಾ ಆಗಲೇ ಚೆನ್ನಾಗಿ ಬೆಳೆದಿತ್ತು. ಒಳಗಿನದನ್ನು ತೋರಿಸುವ ವಿದ್ಯೆ ಇನ್ನೂ ಅಂಬೆಗಾಲಿನಲ್ಲಿತ್ತು.

ಆ ವಿದ್ಯೆ ಆರಂಭವಾದದ್ದು 1895ರ ನವೆಂಬರ್ 8ರಂದು. ಜರ್ಮನಿಯ ವುರ್ಟ್ಸ್‌ಬರ್ಗ್‌ನಲ್ಲಿ ರಾಂಟ್ಜೆನ್ ಎಂಬ ಪ್ರಾಧ್ಯಾಪಕ ಕ್ಷ-ಕಿರಣವನ್ನು ಕಂಡುಹಿಡಿದ. ಅದೇ ಡಿಸೆಂಬರಿನಲ್ಲಿ ತನ್ನ ಹೆಂಡತಿಯ ಕೈಯ ಮೂಳೆಗಳ ಚಿತ್ರ ತೆಗೆದ. ಬೆರಳಿನಲ್ಲಿದ್ದ ಉಂಗುರವೂ ಅದರಲ್ಲಿ ಕಾಣುತ್ತದೆ. ಎಕ್ಸ್‌ರೇ ಮೂಳೆಯನ್ನು ಚೆನ್ನಾಗಿ ತೋರಿಸುತ್ತದೆ. ಮಗುವಿನ ಹೊಟ್ಟೆಯಲ್ಲಿರುವ ಗಡ್ಡೆಯೊಳಗೆ ಪುಟ್ಟ ಬೆನ್ನುಮೂಳೆಯ ಸಾಲು ಕಂಡರೆ ಅದು ಸಾಮಾನ್ಯ ಗಡ್ಡೆಯಲ್ಲ ಎಂದು ಊಹಿಸಬಹುದು. ರೋಗಶಾಸ್ತ್ರಜ್ಞ ವಿಲ್ಲಿಸ್ 1950ರ ದಶಕದಲ್ಲಿ ಇದನ್ನೇ ಗೆರೆಯಾಗಿ ಎಳೆದ. ಬೆನ್ನುಮೂಳೆಯ ಸಾಲು ಇದ್ದರೆ ಅದು ಅವಳಿ ಭ್ರೂಣ, ಇಲ್ಲದಿದ್ದರೆ ಟೆರಟೋಮಾ ಎಂಬ ಗಡ್ಡೆ. ಟೆರಟೋಮಾದಲ್ಲೂ ಕೂದಲು, ಹಲ್ಲು, ಮೂಳೆ ಚೂರುಗಳು ಇರಬಹುದು. ಆದರೆ ಅವು ಸಂತೆಯಲ್ಲಿ ಚೆಲ್ಲಿದ ಸಾಮಾನಿನಂತೆ, ಜೋಡಣೆ ಇರುವುದಿಲ್ಲ. ಈ ಎರಡರ ವ್ಯತ್ಯಾಸ ಮುಖ್ಯ. ಟೆರಟೋಮಾ ಕ್ಯಾನ್ಸರಿಗೆ ತಿರುಗುವ ಭಯ ಹೆಚ್ಚು, ಅಡಗಿದ ಅವಳಿಯಲ್ಲಿ ಅದು ಬಹಳ ಅಪರೂಪ. ವಿಲ್ಲಿಸನ ಗೆರೆ ಅಷ್ಟು ಕಟ್ಟುನಿಟ್ಟಾಗಿ ನಿಲ್ಲುವುದಿಲ್ಲ ಎಂದು ನಂತರದವರು ಹೇಳಿದ್ದಾರೆ, ಏಕೆಂದರೆ ತೀರಾ ಎಳೆಯ ಬೆನ್ನುಮೂಳೆ ಮೃದುವಾಗಿದ್ದು ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು.

ಎಕ್ಸ್‌ರೇಯ ಇನ್ನೊಂದು ತೊಂದರೆ, ಅದು ಹೊಟ್ಟೆಯಲ್ಲಿರುವ ಕೂಸಿಗೆ ಒಳ್ಳೆಯದಲ್ಲ. ಇಲ್ಲಿ ಬರುತ್ತದೆ ನನಗೆ ಈ ಕಥೆಯಲ್ಲೇ ಬಹಳ ಇಷ್ಟವಾದ ಭಾಗ. ಪೀಣ್ಯದ ಫ್ಯಾಕ್ಟರಿಗಳಲ್ಲಿ ದುಡಿಯುವ ನಮ್ಮ ಸದಸ್ಯರಿಗೂ ಇದು ಇಷ್ಟವಾಗುತ್ತದೆ.

ದೊಡ್ಡ ಬಾಯ್ಲರ್ ಅಥವಾ ಪೈಪಿಗೆ ವೆಲ್ಡಿಂಗ್ ಮಾಡಿದ ಮೇಲೆ ಒಳಗೆ ಬಿರುಕು ಉಳಿದಿದೆಯೇ ಎಂದು ನೋಡಬೇಕಲ್ಲವೇ? ಹೊರಗಿನಿಂದ ಕಾಣುವುದಿಲ್ಲ, ಒಡೆದು ನೋಡುವಂತಿಲ್ಲ. ಕಿವಿಗೆ ಕೇಳದಷ್ಟು ಸೂಕ್ಷ್ಮವಾದ ಶಬ್ದದ ತರಂಗವನ್ನು ಲೋಹದೊಳಗೆ ಬಿಟ್ಟು, ಅದು ಬಿರುಕಿಗೆ ಬಡಿದು ಹಿಂದಿರುಗುವ ಪ್ರತಿಧ್ವನಿಯನ್ನು ಹಿಡಿಯುವ ಯಂತ್ರವಿದೆ. 'ಅಲ್ಟ್ರಾಸಾನಿಕ್ ಟೆಸ್ಟಿಂಗ್' ಎಂದು ನಮ್ಮ ಕಡೆಯ ಇಂಜಿನಿಯರಿಂಗ್ ಕಾರ್ಖಾನೆಗಳಲ್ಲೂ ನಿತ್ಯ ಬಳಕೆಯ ಮಾತು. 1955ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಹೆರಿಗೆ ವೈದ್ಯ ಇಯಾನ್ ಡೊನಾಲ್ಡ್ ಇಂಥದೊಂದು ಬಾಯ್ಲರ್ ಕಾರ್ಖಾನೆಗೆ ಹೋದ. ಹೋಗುವಾಗ, ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಹೆಂಗಸರ ಹೊಟ್ಟೆಯ ಗಡ್ಡೆಗಳನ್ನು ಎರಡು ಕಾರುಗಳ ಡಿಕ್ಕಿಯಲ್ಲಿ ತುಂಬಿಕೊಂಡು ಹೋದ! ಹೋಲಿಕೆಗೆಂದು ಕಾರ್ಖಾನೆಯವರು ಒಂದು ದೊಡ್ಡ ಮಾಂಸದ ತುಂಡನ್ನು ತರಿಸಿಟ್ಟಿದ್ದರು. ಲೋಹದ ಯಂತ್ರವನ್ನು ಗಡ್ಡೆಗಳ ಮೇಲೆ ಇಟ್ಟು ನೋಡಿದಾಗ, ನೀರು ತುಂಬಿದ ಗಡ್ಡೆಯ ಪ್ರತಿಧ್ವನಿಯೇ ಬೇರೆ, ಗಟ್ಟಿ ಗಡ್ಡೆಯದೇ ಬೇರೆ ಎಂಬುದು ಕಂಡಿತು. ಯುದ್ಧಕಾಲದಲ್ಲಿ ವಾಯುಪಡೆಯಲ್ಲಿದ್ದು ರೇಡಾರ್ ಕಂಡಿದ್ದ ಡೊನಾಲ್ಡನಿಗೆ ಈ ಯೋಚನೆ ಹೊಳೆದದ್ದು ಆಶ್ಚರ್ಯವಲ್ಲ.

ಟಾಮ್ ಬ್ರೌನ್ ಎಂಬ ಯುವ ಇಂಜಿನಿಯರ್, ಜಾನ್ ಮ್ಯಾಕ್‌ವಿಕರ್ ಎಂಬ ವೈದ್ಯ ಇವರೊಂದಿಗೆ ಸೇರಿ ಅವನು 1958ರ ಜೂನ್ 7ರ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಲೇಖನ ಪ್ರಕಟಿಸಿದ. ಹೊಟ್ಟೆಯ ಕ್ಯಾನ್ಸರೆಂದು ಕೈಬಿಟ್ಟಿದ್ದ ಒಬ್ಬ ಹೆಂಗಸಿಗೆ ಈ ಯಂತ್ರ ಅಂಡಾಶಯದ ನೀರುಗಡ್ಡೆಯನ್ನು ತೋರಿಸಿತು. ಗಡ್ಡೆ ತೆಗೆದ ಮೇಲೆ ಆಕೆ ಗುಣವಾದಳು. ಅಲ್ಟ್ರಾಸೌಂಡ್ ಹೀಗೆ ಕಾರ್ಖಾನೆಯ ಬಾಗಿಲಿನಿಂದ ಹೆರಿಗೆ ಕೋಣೆಗೆ ಬಂತು. ನಮ್ಮ ಕಿವಿ ಸೆಕೆಂಡಿಗೆ 20 ಸಾವಿರ ಕಂಪನದವರೆಗೆ ಕೇಳಬಲ್ಲದು. ಸ್ಕ್ಯಾನಿಂಗ್ ಯಂತ್ರದ ಶಬ್ದ ಸಾಮಾನ್ಯವಾಗಿ ಸೆಕೆಂಡಿಗೆ 20 ಲಕ್ಷದಿಂದ ಒಂದು ಕೋಟಿ ಕಂಪನ. ಹೊಟ್ಟೆಯ ಮೇಲೆ ತಣ್ಣನೆಯ ಜೆಲ್ ಹಚ್ಚುತ್ತಾರಲ್ಲ, ಅದು ಔಷಧಿಯಲ್ಲ. ಚರ್ಮಕ್ಕೂ ಯಂತ್ರಕ್ಕೂ ನಡುವೆ ಗಾಳಿ ನಿಲ್ಲದಿರಲಿ ಎಂದು ಹಚ್ಚುವುದು, ಗಾಳಿ ಇದ್ದರೆ ಶಬ್ದ ಒಳಗೆ ಹೋಗದೆ ಹಿಂದಿರುಗುತ್ತದೆ. ಈ ಯಂತ್ರಗಳಲ್ಲಿ ಕೆಲವು ಈಗ ನಮ್ಮ ಊರಿನ ಇನ್ನೊಂದು ತುದಿಯಲ್ಲೇ ತಯಾರಾಗುತ್ತವೆ. 1990ರಲ್ಲಿ ಆರಂಭವಾದ ವಿಪ್ರೋ ಜಿ.ಇ. ಕಂಪನಿಯ ಕಾರ್ಖಾನೆ ವೈಟ್‌ಫೀಲ್ಡ್‌ನಲ್ಲಿದೆ.

ಸಿ.ಟಿ. ಸ್ಕ್ಯಾನ್ ಹುಟ್ಟಿದ್ದೂ ಒಂದು ಕಂಪನಿಯಲ್ಲೇ. ಹಾರ್ನ್ ಮುಂದೆ ಕೂತ ನಾಯಿಯ ಚಿತ್ರವಿರುವ ಹೆಚ್.ಎಂ.ವಿ. ಗ್ರಾಮಫೋನ್ ತಟ್ಟೆಗಳು ಹಿರಿಯರಿಗೆ ನೆನಪಿರಬಹುದು. ಅದರ ಒಡೆತನವಿದ್ದ ಇ.ಎಂ.ಐ. ಕಂಪನಿಯ ಇಂಜಿನಿಯರ್ ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ದೇಹದ ಸುತ್ತಲಿಂದ ಎಕ್ಸ್‌ರೇ ತೆಗೆದು, ಕಂಪ್ಯೂಟರಿನಿಂದ ಲೆಕ್ಕ ಹಾಕಿ, ಬ್ರೆಡ್ಡಿನ ಹೋಳುಗಳಂತೆ ಒಳಗಿನ ಚಿತ್ರ ಕಟ್ಟುವ ಯಂತ್ರ ಮಾಡಿದ. 1971ರ ಅಕ್ಟೋಬರ್ 1ರಂದು ಲಂಡನ್ನಿನಲ್ಲಿ ಮೊದಲ ರೋಗಿಯ ಮಿದುಳಿನ ಚಿತ್ರ ಬಂತು. 1979ರಲ್ಲಿ ಅವನಿಗೂ ಕಾರ್ಮ್ಯಾಕನಿಗೂ ನೊಬೆಲ್. ಎಂ.ಆರ್.ಐ.ಗೆ ಕಾರಣರಾದ ಲಾಟರ್‌ಬರ್ ಮತ್ತು ಮ್ಯಾನ್ಸ್‌ಫೀಲ್ಡ್‌ಗೆ 2003ರಲ್ಲಿ. ಎಂ.ಆರ್.ಐ.ಯಲ್ಲಿ ಎಕ್ಸ್‌ರೇ ಇಲ್ಲ, ದೊಡ್ಡ ಅಯಸ್ಕಾಂತವಿದೆ. ಮೃದುವಾದ ನರ, ಬೆನ್ನುಹುರಿ, ಮಿದುಳನ್ನು ಅದು ಬಿಡಿಸಿ ತೋರಿಸುತ್ತದೆ.

ಈಗ ಬೊಮ್ಮಸಂದ್ರದ ಆ ಮಗುವಿನ ವಿಷಯ. ಬಿಹಾರದ ಅರಾರಿಯಾ ಜಿಲ್ಲೆಯ ಒಂದು ಹಳ್ಳಿ, ತಂದೆತಾಯಿ ದಿನಗೂಲಿಯವರು. ನಾಲ್ಕು ಕೈಗಳಿದ್ದುದರಿಂದ ಮಗುವಿಗೆ ಲಕ್ಷ್ಮಿ ಎಂದು ಹೆಸರಿಟ್ಟರು. ಊರಿನವರು ಬಂದು ಕೈ ಮುಗಿಯುತ್ತಿದ್ದರು. ಸರ್ಕಸ್‌ನವರು ಕೊಳ್ಳಲು ಬಂದಿದ್ದರೆಂದೂ ಆಗ ವರದಿಯಾಗಿತ್ತು. ಬಂಗಾಳದ ಹುಡುಗನಿಗೆ ಇನ್ನೂರಿಪ್ಪತ್ತು ವರ್ಷ ಕಳೆದ ಮೇಲೂ ಬೆಂಕಿ, ಪೂಜೆ, ಪ್ರದರ್ಶನ ಇವಿಷ್ಟೇ ದಾರಿಗಳೇ ಎಂದು ಕೇಳಬೇಕೆನಿಸುತ್ತದೆ. ಮಗುವಿಗೆ ನಿಲ್ಲಲು, ನಡೆಯಲು ಆಗುತ್ತಿರಲಿಲ್ಲ. ಸ್ಪರ್ಶ್ ಆಸ್ಪತ್ರೆಯ ಮೂಳೆತಜ್ಞ ಡಾ. ಶರಣ್ ಪಾಟೀಲ್ ಮಗುವನ್ನು ಬೆಂಗಳೂರಿಗೆ ಬರಮಾಡಿಕೊಂಡರು. ಆಗ ಆ ಆಸ್ಪತ್ರೆ ಬೊಮ್ಮಸಂದ್ರದ ನಾರಾಯಣ ಹೆಲ್ತ್ ಸಿಟಿ ಆವರಣದಲ್ಲಿತ್ತು. ಖರ್ಚನ್ನು ಆಸ್ಪತ್ರೆಯ ಪ್ರತಿಷ್ಠಾನವೇ ಹೊತ್ತಿತು.

ಶಸ್ತ್ರಚಿಕಿತ್ಸೆಗೆ ಮುಂಚೆ ವಾರಗಟ್ಟಲೆ ಪರೀಕ್ಷೆಗಳು ನಡೆದವು. ಚಿತ್ರಗಳು ತೋರಿಸಿದ್ದು ಇಷ್ಟು: ಸೊಂಟದ ಮೂಳೆಯ ಬಳಿ ತಲೆಯಿಲ್ಲದ ಒಂದು ಅವಳಿ ಅಂಟಿಕೊಂಡಿದೆ, ಎರಡೂ ಬೆನ್ನುಮೂಳೆಗಳು ತುದಿಗೆ ತುದಿ ಕೂಡಿವೆ, ನರಗಳು ಒಂದಕ್ಕೊಂದು ಹೆಣೆದುಕೊಂಡಿವೆ, ಮೂತ್ರಪಿಂಡಗಳು ನಾಲ್ಕು. ಎಲ್ಲಿ ಕತ್ತರಿಸಿದರೆ ಮಗುವಿನ ಕಾಲು ಸತ್ತುಹೋಗುತ್ತದೆ, ಎಲ್ಲಿ ಕತ್ತರಿಸಿದರೆ ಉಳಿಯುತ್ತದೆ ಎಂಬುದನ್ನು ಈ ಚಿತ್ರಗಳಿಂದಲೇ ನಿರ್ಧರಿಸಬೇಕಿತ್ತು. ನವೆಂಬರ್ 6ರ ಮಂಗಳವಾರ ಬೆಳಿಗ್ಗೆ ಆರಂಭವಾಗಿ ಮರುದಿನ ಬೆಳಿಗ್ಗೆ ಮುಗಿಯಿತು. 30ಕ್ಕೂ ಹೆಚ್ಚು ವೈದ್ಯರು ಸರದಿಯಲ್ಲಿ ದುಡಿದರು. ಮೊದಲು ಹೊಟ್ಟೆಯ ಭಾಗ, ನಂತರ ಪರಾವಲಂಬಿಗೆ ಹೋಗುವ ರಕ್ತನಾಳಗಳು, ಮಧ್ಯರಾತ್ರಿಯ ಹೊತ್ತಿಗೆ ಬೆನ್ನುಮೂಳೆ, ಕೊನೆಗೆ ಸೊಂಟದ ಮೂಳೆಯನ್ನು ಕೂಡಿಸುವುದು. ಪರಾವಲಂಬಿಯ ಕಡೆ ಇದ್ದ ಒಂದು ಮೂತ್ರಪಿಂಡವನ್ನು ಉಳಿಸಿಕೊಂಡು ಮಗುವಿನ ಒಡಲಿಗೆ ಸೇರಿಸಿದರು. ಮಗು ಬದುಕಿತು, ನಡೆಯಲು ಕಲಿಯಿತು. ಕುಟುಂಬ ಮುಂದೆ ರಾಜಸ್ಥಾನದ ಜೋಧಪುರಕ್ಕೆ ಹೋಗಿ ನೆಲೆಸಿತು, ಅಲ್ಲಿ ಆಕೆ ಶಾಲೆ ಸೇರಿದಳು. ಮುಂದೆಯೂ ಕೆಲವು ಶಸ್ತ್ರಚಿಕಿತ್ಸೆಗಳು ಬೇಕಾದವು ಎಂಬುದನ್ನೂ ಹೇಳಬೇಕು. ಒಂದೇ ರಾತ್ರಿಯಲ್ಲಿ ಎಲ್ಲ ಸರಿಹೋಯಿತೆಂದು ಪತ್ರಿಕೆಗಳನ್ನು ಓದಿದವರಿಗೆ ಅನ್ನಿಸಿತ್ತು.

ಹೊರಗೆ ಕಾಣುವ ಅವಳಿಗಿಂತ ಒಳಗೆ ಅಡಗಿದ ಅವಳಿ ವೈದ್ಯರಿಗೆ ಕಷ್ಟದ ಪ್ರಶ್ನೆ. 1999ರಲ್ಲಿ ನಾಗಪುರದ 36 ವರ್ಷದ ಒಬ್ಬ ರೈತನನ್ನು ದೊಡ್ಡ ಹೊಟ್ಟೆಯ ಗಡ್ಡೆಯೆಂದು ಮುಂಬಯಿಯಲ್ಲಿ ಶಸ್ತ್ರಚಿಕಿತ್ಸೆಗೆ ತೆಗೆದುಕೊಂಡರು. ಹೊಟ್ಟೆ ತೆರೆದಾಗ ವೈದ್ಯರ ಕೈಗೆ ಸಿಕ್ಕಿದ್ದು ಕೈಕಾಲು, ಕೂದಲು! ಅಷ್ಟು ವರ್ಷ ಊರಿನವರು ಅವನ ಹೊಟ್ಟೆ ನೋಡಿ ಬಸುರಿ ಎಂದು ಗೇಲಿ ಮಾಡಿದ್ದರು. 2022ರ ನವೆಂಬರಿನಲ್ಲಿ ರಾಂಚಿಯಲ್ಲಿ 21 ದಿನದ ಹೆಣ್ಣುಕೂಸಿನ ಹೊಟ್ಟೆಯಲ್ಲಿ ಗಡ್ಡೆಯೆಂದು ಸ್ಕ್ಯಾನಿನಲ್ಲಿ ಕಂಡಿದ್ದು, ತೆರೆದಾಗ ಎಂಟು ಅಪೂರ್ಣ ಭ್ರೂಣಗಳಾಗಿದ್ದವು. ಯಂತ್ರ ಎಷ್ಟೇ ಒಳ್ಳೆಯದಾದರೂ ಅದು ನೆರಳನ್ನು ತೋರಿಸುತ್ತದೆ, ಹೆಸರನ್ನು ಬರೆದುಕೊಡುವುದಿಲ್ಲ. ಓದುವವರು ಬೇಕು. ಭಾಷಾ ಶಿಕ್ಷಕನಾದ ನನಗೆ ಇದು ಚೆನ್ನಾಗಿ ಅರ್ಥವಾಗುತ್ತದೆ: ಉರ್ದು ಬರಹದಲ್ಲಿ ಒಂದು ಚುಕ್ಕಿ ಮೇಲಿದ್ದರೆ ಒಂದು ಅಕ್ಷರ, ಕೆಳಗಿದ್ದರೆ ಇನ್ನೊಂದು.

ಮಗುವಿನ ಹೊಟ್ಟೆಯಲ್ಲಿ ಗಂಟು ಕಂಡಾಗ ವೈದ್ಯರು ಮೊದಲು ಯೋಚಿಸುವುದು ಮೂತ್ರಪಿಂಡದ ಗಡ್ಡೆ, ನರದ ಗಡ್ಡೆ, ಟೆರಟೋಮಾ, ಮೂತ್ರ ಕಟ್ಟಿಕೊಂಡು ಊದಿದ ಮೂತ್ರಪಿಂಡ ಇವನ್ನು. ಅಡಗಿದ ಅವಳಿ ಪಟ್ಟಿಯ ಕೊನೆಯಲ್ಲಿ. ಅದು ಹೆಚ್ಚಾಗಿ ಹೊಟ್ಟೆಯ ಹಿಂಭಾಗದಲ್ಲಿ, ಬೆನ್ನಿಗೆ ಹತ್ತಿರವಾಗಿ ಇರುತ್ತದೆ. ಅಲ್ಟ್ರಾಸೌಂಡಿನಲ್ಲಿ ನೀರಿನ ಚೀಲ, ಅದರೊಳಗೆ ತೇಲುವ ಗಟ್ಟಿ ಭಾಗ ಕಾಣುತ್ತದೆ. ಸಿ.ಟಿ.ಯಲ್ಲಿ ಕೊಬ್ಬಿನ ನಡುವೆ ಉದ್ದನೆಯ ಕೈಕಾಲಿನ ಮೂಳೆ, ಬೆನ್ನುಮೂಳೆಯ ಸಾಲು. ಎಂ.ಆರ್.ಐ.ಯಲ್ಲಿ ಅದಕ್ಕೆ ರಕ್ತ ಎಲ್ಲಿಂದ ಬರುತ್ತಿದೆ, ಅದು ಯಾವುದಕ್ಕೆ ಅಂಟಿದೆ ಎಂಬುದು. ಇಷ್ಟು ಗೊತ್ತಾದರೆ ಮಕ್ಕಳ ಶಸ್ತ್ರವೈದ್ಯರು ಆ ಚೀಲವನ್ನು ಇಡಿಯಾಗಿ ಬಿಡಿಸಿ ತೆಗೆಯುತ್ತಾರೆ. ಬಹುಪಾಲು ಮಕ್ಕಳು ಗುಣವಾಗುತ್ತಾರೆ.

ನಮ್ಮ ರಾಜ್ಯದಲ್ಲೇ ಇತ್ತೀಚೆಗೆ ಇಂಥದೊಂದು ಕಂಡುಬಂತು. 2025ರ ಸೆಪ್ಟೆಂಬರಿನಲ್ಲಿ, ಜನ ಇಂದಿಗೂ ಕಿಮ್ಸ್ ಎಂದೇ ಕರೆಯುವ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆಯಲ್ಲಿ ಕುಂದಗೋಳ ತಾಲ್ಲೂಕಿನ ಒಬ್ಬ ತಾಯಿಗೆ ಗಂಡು ಮಗು ಹುಟ್ಟಿತು. ಮಗುವಿನ ಹೊಟ್ಟೆಯಲ್ಲಿ ಏನೋ ಇದೆಯೆಂಬ ಅನುಮಾನದಿಂದ ಅಲ್ಟ್ರಾಸೌಂಡ್, ನಂತರ ಎಂ.ಆರ್.ಐ. ಮಾಡಿದಾಗ ಬೆನ್ನುಮೂಳೆ ಇರುವ ಇನ್ನೊಂದು ಭ್ರೂಣ ಕಂಡಿತು. ಇದು ದೊಡ್ಡ ಖಾಸಗಿ ಆಸ್ಪತ್ರೆಯ ಮಾತಲ್ಲ, ಸರ್ಕಾರಿ ಆಸ್ಪತ್ರೆಯ ಮಾತು ಎಂಬುದನ್ನು ಗಮನಿಸಬೇಕು. ಅದೇ ವರ್ಷದ ಆರಂಭದಲ್ಲಿ ಮಹಾರಾಷ್ಟ್ರದ ಬುಲ್ಢಾಣಾದ ಸರ್ಕಾರಿ ಆಸ್ಪತ್ರೆಯಲ್ಲಿ, ಮಗು ಇನ್ನೂ ತಾಯಿಯ ಹೊಟ್ಟೆಯಲ್ಲಿರುವಾಗಲೇ ಅದರೊಳಗಿನ ಭ್ರೂಣವನ್ನು ಸ್ಕ್ಯಾನಿನಲ್ಲಿ ಗುರುತಿಸಿದ್ದರು.

ಆದರೆ ಕಂಡದ್ದನ್ನೆಲ್ಲ ಕತ್ತರಿಸಲೇಬೇಕೆಂದಿಲ್ಲ. ಪಾಟ್ನಾದ ಒಂದು ಬಡ ಮುಸ್ಲಿಂ ಕುಟುಂಬದ ಇಬ್ಬರು ಸೋದರಿಯರು ತಲೆಯಲ್ಲಿ ಕೂಡಿಕೊಂಡು ಹುಟ್ಟಿದವರು. 2005ರಲ್ಲಿ ಅಬುಧಾಬಿಯ ಯುವರಾಜರು ಖರ್ಚು ಕೊಡಲು ಮುಂದೆ ಬಂದರು. ಅಮೆರಿಕದ ಹೆಸರಾಂತ ಮಿದುಳು ಶಸ್ತ್ರವೈದ್ಯ ಬೆನ್ ಕಾರ್ಸನ್ ದೆಹಲಿಗೆ ಬಂದು ಪರೀಕ್ಷಿಸಿದರು. ಇಬ್ಬರ ಮಿದುಳಿಗೂ ಒಂದು ಮುಖ್ಯ ರಕ್ತನಾಳ ಹಂಚಿಕೆಯಾಗಿದೆ, ಎರಡು ಮೂತ್ರಪಿಂಡವೂ ಒಬ್ಬಳಲ್ಲೇ ಇವೆ ಎಂದು ಪರೀಕ್ಷೆಗಳಲ್ಲಿ ತಿಳಿಯಿತು. ಬೇರ್ಪಡಿಸಿದರೆ ಒಬ್ಬಳನ್ನು ಕಳೆದುಕೊಳ್ಳುವ ಅಪಾಯ. ತಂದೆತಾಯಿ ಬೇಡವೆಂದರು. 2012ರಲ್ಲಿ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು, ನ್ಯಾಯಾಲಯವೂ ಶಸ್ತ್ರಚಿಕಿತ್ಸೆಗೆ ಒತ್ತಾಯಿಸದೆ, ಬಿಹಾರ ಸರ್ಕಾರ ಆ ಕುಟುಂಬಕ್ಕೆ ತಿಂಗಳಿಗೆ 5,000 ರೂಪಾಯಿ ಕೊಡುವಂತೆ ಮಾಡಿತು. ಆ ತಂದೆತಾಯಿಯನ್ನು ಅಜ್ಞಾನಿಗಳೆಂದು ಬರೆದವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಚಾಂಗ್ ಮತ್ತು ಎಂಗರ ಕಾಲದಲ್ಲಿ ವೈದ್ಯರು ಕತ್ತಲೆಯಲ್ಲಿ ಬೇಡವೆಂದಿದ್ದರು. ಇವರು ಚಿತ್ರ ನೋಡಿ, ಅಪಾಯವನ್ನು ತಿಳಿದು ಬೇಡವೆಂದರು.

ಇನ್ನು ನಮ್ಮ ಬೀದಿಗಳ ಮಾತು. ಮಗುವಿಗೆ ತುಟಿ ಸೀಳಿದ್ದರೂ ಸಾಕು, ಗ್ರಹಣದಲ್ಲಿ ಬಸುರಿ ಚಾಕು ಹಿಡಿದಳು ಎನ್ನುತ್ತಾರೆ. ಈ ಮಾತಿನಲ್ಲಿ ಹಿಂದೂ ಮುಸ್ಲಿಂ ಎಂಬ ಭೇದವಿಲ್ಲ. ನಮ್ಮಲ್ಲಿ ಅದಕ್ಕೆ ನಜರ್ ಕೂಡ ಸೇರಿಸಿಕೊಳ್ಳುತ್ತಾರೆ. ಕೊನೆಗೆ ಎಲ್ಲ ಬೆರಳುಗಳೂ ತಿರುಗುವುದು ಸೊಸೆಯ ಕಡೆಗೆ. ಬಹೂ ಏನು ತಿಂದಳು, ಎಲ್ಲಿ ಹೋಗಿದ್ದಳು, ಯಾರ ಮುಂದೆ ಬಂದಳು? ಒಂದು ಅಂಡ ಒಡೆಯುವುದು ತಡವಾದದ್ದಕ್ಕೆ ಅವಳು ಉತ್ತರ ಕೊಡಬೇಕು! ಆ ಹದಿಮೂರನೆಯ ದಿನಕ್ಕೆ ತಾನು ಬಸುರಿ ಎಂಬುದೇ ಅವಳಿಗೆ ಗೊತ್ತಿರುವುದಿಲ್ಲ. ನಮ್ಮ ವಿದ್ಯಾರ್ಥಿನಿಯರು ಮನೆಗೆ ಹೋಗಿ ಈ ಒಂದು ಮಾತನ್ನಾದರೂ ಹೇಳಲಿ.

ಸ್ಕ್ಯಾನಿಂಗ್ ಬಗ್ಗೆ ಇನ್ನೊಂದು ಕಡೆಯೂ ಇದೆ. ಡೊನಾಲ್ಡನ ಯಂತ್ರವನ್ನು ನಮ್ಮ ದೇಶದಲ್ಲಿ ಹೆಣ್ಣುಕೂಸುಗಳನ್ನು ಕೊಲ್ಲಲು ಬಳಸಿದರು. ಅದಕ್ಕೇ 1994ರಲ್ಲಿ ಕಾನೂನು ಬಂತು, 2003ರಲ್ಲಿ ತಿದ್ದುಪಡಿಯಾಗಿ ಬಿಗಿಯಾಯಿತು. ಹಾಗಿದ್ದೂ 2023ರಲ್ಲಿ ಮಂಡ್ಯದ ಒಂದು ಆಲೆಮನೆಯಲ್ಲಿ ಕದ್ದು ಸ್ಕ್ಯಾನ್ ಮಾಡುತ್ತಿದ್ದ ಜಾಲವನ್ನು ಬೆಂಗಳೂರು ಪೊಲೀಸರು ಹಿಡಿದರು. ಬೆಲ್ಲ ಕಾಯಿಸುವ ಜಾಗದಲ್ಲಿ! ಈ ಕಳ್ಳ ವ್ಯವಹಾರದಿಂದಾಗಿ ಸ್ಕ್ಯಾನಿಂಗ್ ಎಂದರೇ ಅನುಮಾನದಿಂದ ನೋಡುವ ಹಿರಿಯರು ನಮ್ಮಲ್ಲಿದ್ದಾರೆ. ಅವರ ಅನುಮಾನಕ್ಕೆ ಕಾರಣವಿದೆ. ಆದರೆ ಐದನೆಯ ತಿಂಗಳ ಹೊತ್ತಿಗೆ, ಅಂದರೆ 18ರಿಂದ 20 ವಾರಗಳ ನಡುವೆ ಮಾಡುವ ಸ್ಕ್ಯಾನ್ ಬೇರೆಯೇ ವಿಷಯ. ಮಗುವಿನ ಬೆನ್ನುಮೂಳೆ, ಹೃದಯ, ಮೂತ್ರಪಿಂಡ ಸರಿಯಿವೆಯೇ ಎಂದು ಅದರಲ್ಲಿ ನೋಡುತ್ತಾರೆ. ಅವಳಿಗಳಾದರೆ ಎರಡೂ ಮಕ್ಕಳು ಬೇರೆಬೇರೆ ಚೀಲದಲ್ಲಿವೆಯೇ ಎಂಬುದು ಅದಕ್ಕೂ ಮುಂಚಿನ ಸ್ಕ್ಯಾನಿನಲ್ಲೇ ಚೆನ್ನಾಗಿ ತಿಳಿಯುತ್ತದೆ.

ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಸುವ ಯೋಜನೆ 2016ರಲ್ಲಿ ಆರಂಭವಾಗಿದೆ. ಹುಟ್ಟಿದ ಮಗುವಿನಿಂದ 18 ವರ್ಷದವರೆಗೆ ಜನ್ಮಜಾತ ತೊಂದರೆಗಳನ್ನು ಗುರುತಿಸಿ ಉಚಿತ ಚಿಕಿತ್ಸೆಗೆ ಕಳುಹಿಸುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರದ್ದು. ಅದರ ವೈದ್ಯರ ತಂಡಗಳು ಅಂಗನವಾಡಿಗೂ ಸರ್ಕಾರಿ ಶಾಲೆಗಳಿಗೂ ಬರುತ್ತವೆ. ತಂಡ ಬರುವ ದಿನ ಮಗುವನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಕೂಸಿನ ಹೊಟ್ಟೆ ಒಂದು ಕಡೆ ಉಬ್ಬಿದಂತೆ ಕಂಡರೆ, ಮುಟ್ಟಿದರೆ ಗಂಟು ಸಿಕ್ಕರೆ, ಹಾಲು ಕುಡಿದದ್ದು ನಿಲ್ಲದೆ ವಾಂತಿಯಾಗುತ್ತಿದ್ದರೆ ತಾಯಿತ ಕಟ್ಟಿಸಿಕೊಂಡು ಕಾಯುತ್ತಾ ಕೂರದೆ ಮಕ್ಕಳ ವೈದ್ಯರಿಗೆ ತೋರಿಸಿ. ಹೋಗುವಾಗ ಬಸುರಿಯಲ್ಲಿ ತೆಗೆಸಿದ ಹಳೆಯ ಸ್ಕ್ಯಾನ್ ಚಿತ್ರಗಳನ್ನೂ ತಾಯಿ ಕಾರ್ಡನ್ನೂ ಜೊತೆಗೆ ತೆಗೆದುಕೊಂಡು ಹೋಗಿ. ಬರಿಯ ವರದಿಯ ಕಾಗದವಲ್ಲ, ಚಿತ್ರವೂ ಬೇಕು. ಎರಡನೆಯ ವೈದ್ಯರು ಅದನ್ನು ತಮ್ಮ ಕಣ್ಣಿನಿಂದಲೇ ಓದಲು ಬಯಸುತ್ತಾರೆ.